ಹೃದಯಾಘಾತದ ನಂತರ ಮನಸ್ಸು ಕುಸಿದರೆ: ಲಿಂಡನ್ ಜಾನ್ಸನ್ ಅವರ ಎರಡು ಚೇತರಿಕೆಗಳು

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿದೆ. ಸ್ಟೆಂಟ್ ಹಾಕಿದ್ದಾರೆ, ಎಕೋ ರಿಪೋರ್ಟ್ ಪರವಾಗಿಲ್ಲ ಎಂದಿದ್ದಾರೆ, ಮಾತ್ರೆಗಳ ಪಟ್ಟಿಯನ್ನು ನೀವು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀರಿ. ಆದರೆ ಮನೆಗೆ ಬಂದ ಮನುಷ್ಯ ಮೊದಲಿನ ಹಾಗಿಲ್ಲ. ಟಿ.ವಿ. ಮುಂದೆ ಕೂತಿರುತ್ತಾರೆ, ಆದರೆ ನೋಡುತ್ತಿರುವುದಿಲ್ಲ. ವಾಕಿಂಗ್‌ಗೆ ಹೋಗೋಣ ಎಂದರೆ ನಾಳೆ ಎನ್ನುತ್ತಾರೆ. ಊಟ ಅರ್ಧಕ್ಕೇ ಸಾಕು. ಸಣ್ಣ ಮಾತಿಗೂ ಸಿಡುಕು. ಅಷ್ಟು ದೊಡ್ಡ ಕಾಯಿಲೆ ಬಂದು ಹೋಗಿದೆ, ಹೀಗಾಗುವುದು ಸಹಜ ಎಂದುಕೊಂಡು ನೀವೂ ಸುಮ್ಮನಾಗುತ್ತೀರಿ. ಅಥವಾ ಆ ಕುರ್ಚಿಯಲ್ಲಿ ಕೂತಿರುವವರು ನೀವೇ ಇರಬಹುದು.

ನಾನು ಫಾರ್ಮಸಿಸ್ಟ್. ಕೆಲವು ವರ್ಷ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತಿದ್ದೆ, ಈಗ ಹೆಚ್ಚಾಗಿ ಔಷಧಿಗಳ ಮಾಹಿತಿಯನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಖಿನ್ನತೆ ಎಂಬ ಪದವನ್ನು ವಾರದಲ್ಲಿ ಎಷ್ಟು ಸಲ ಟೈಪ್ ಮಾಡುತ್ತೇನೋ ಲೆಕ್ಕವಿಲ್ಲ. ಕೌಂಟರಿನಲ್ಲಿ ಮಾತ್ರ ಆ ಪದವನ್ನು ಒಬ್ಬರ ಬಾಯಿಂದಲೂ ಕೇಳಲಿಲ್ಲ. ಬೇಜಾರು, ಬ್ಯಾಸರ, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹತ್ತುವುದಿಲ್ಲ ಎಂದೇ ಜನ ಹೇಳುತ್ತಾರೆ. ಅದಕ್ಕೊಂದು ಟಾನಿಕ್ ಕೊಡಿ ಎಂದು ಕೇಳುತ್ತಾರೆ. ಆ ಬೇಜಾರಿಗೂ ಚೀಟಿಯಲ್ಲಿರುವ ಹೃದಯದ ಮಾತ್ರೆಗಳಿಗೂ ಸಂಬಂಧವಿರಬಹುದು ಎಂದು ಬಹಳ ಜನರಿಗೆ ಅನ್ನಿಸುವುದೇ ಇಲ್ಲ.

ಆ ಸಂಬಂಧವನ್ನು ಒಬ್ಬರ ಬದುಕಿನ ಮೂಲಕ ಹೇಳುತ್ತೇನೆ. ಅವರು ಅಮೆರಿಕದ 36ನೇ ಅಧ್ಯಕ್ಷ ಲಿಂಡನ್ ಜಾನ್ಸನ್. 1966ರ ಬರಗಾಲದಲ್ಲಿ ನಮ್ಮ ರೇಷನ್ ಅಂಗಡಿಗಳಿಗೆ ಬಂದ ಅಮೆರಿಕದ ಗೋಧಿಯನ್ನು ನಿಮ್ಮ ಮನೆಯ ಹಿರಿಯರು ನೆನಪಿಟ್ಟುಕೊಂಡಿರಬಹುದು. ಆ ಹಡಗುಗಳನ್ನು ಕಳಿಸುತ್ತಿದ್ದವರು, ಬೇಕೆಂದಾಗ ತಡೆಹಿಡಿದು ಸತಾಯಿಸುತ್ತಿದ್ದವರು ಇವರೇ. ನಿಮ್ಮ ಬಂಧುಗಳಲ್ಲಿ ಯಾರಾದರೂ ಡಾಕ್ಟರೋ ಎಂಜಿನಿಯರೋ ಆಗಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದರೆ, ಅದಕ್ಕೆ ಬಾಗಿಲು ತೆರೆದ 1965ರ ವಲಸೆ ಕಾನೂನಿಗೆ ಸಹಿ ಹಾಕಿದವರೂ ಇವರೇ. ಅವರ ರಾಜಕೀಯ ಇಲ್ಲಿ ನಮಗೆ ಮುಖ್ಯವಲ್ಲ. ಅವರಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಹೃದಯಾಘಾತವಾಯಿತು, ಅದರಿಂದ ಚೇತರಿಸಿಕೊಂಡು ಮತ್ತೆ ಹದಿನೇಳು ವರ್ಷ ಬದುಕಿದರು. ಒಮ್ಮೆ ಮನಸ್ಸು ಕುಸಿದಾಗ ಎದ್ದು ನಿಂತರು, ಇನ್ನೊಮ್ಮೆ ನಿಲ್ಲಲಿಲ್ಲ. ಆ ಎರಡರ ನಡುವಿನ ವ್ಯತ್ಯಾಸವನ್ನು ನೋಡೋಣ.

ಟೆಕ್ಸಸ್‌ನಿಂದ ಬೆಥೆಸ್ಡಾವರೆಗೆ

ಜಾನ್ಸನ್ ಹುಟ್ಟಿದ್ದು 1908ರ ಆಗಸ್ಟ್ 27ರಂದು, ಟೆಕ್ಸಸ್‌ನ ಬೆಟ್ಟಗಾಡಿನ ಒಂದು ಸಣ್ಣ ತೋಟದ ಮನೆಯಲ್ಲಿ. ತಂದೆ ಸ್ಯಾಮ್ ಜಾನ್ಸನ್ ರಾಜ್ಯದ ಶಾಸಕರಾಗಿದ್ದವರು, ಕೃಷಿಯಲ್ಲಿ ಕೈಸುಟ್ಟುಕೊಂಡು ಸಾಲದಲ್ಲಿ ಮುಳುಗಿದವರು. ಮಗ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ 1937ರಲ್ಲೇ ತಂದೆಗೆ ಹೃದಯ ಕೈಕೊಟ್ಟಿತು. ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ವಯಸ್ಸು 60. ತಮ್ಮ ವಂಶದ ಗಂಡಸರು ಬಹುಕಾಲ ಬದುಕುವುದಿಲ್ಲ, ಹೃದಯವೇ ಅವರನ್ನು ಕೊಲ್ಲುತ್ತದೆ ಎಂಬ ನಂಬಿಕೆ ಜಾನ್ಸನ್ ಅವರ ತಲೆಯಲ್ಲಿ ಕೂತಿದ್ದು, ಕೊನೆಯವರೆಗೂ ಹೋಗಲಿಲ್ಲ.

ಆ ಭಯವಿದ್ದವರು ಜಾಗ್ರತೆಯಾಗಿ ಬದುಕಬೇಕಿತ್ತು. ಅವರು ಬದುಕಿದ್ದು ಅದಕ್ಕೆ ವಿರುದ್ಧವಾಗಿ. ದಿನಕ್ಕೆ ಮೂರು ಪ್ಯಾಕ್, ಅಂದರೆ 60 ಸಿಗರೇಟು. ಹೊತ್ತಿಲ್ಲದ ಹೊತ್ತಿನಲ್ಲಿ ಎಣ್ಣೆ ಕೊಬ್ಬಿನ ಊಟ, ವಿಸ್ಕಿ, ನಾಲ್ಕೈದು ತಾಸಿನ ನಿದ್ದೆ. ಜೊತೆಗೆ ಕೆಲಸ ಮಾಡುವವರನ್ನೂ ಹಾಗೆಯೇ ಹಿಂಡುತ್ತಿದ್ದರು. 1955ರ ಜನವರಿಯಲ್ಲಿ ಸೆನೆಟ್‌ನ ಬಹುಮತ ಪಕ್ಷದ ನಾಯಕರಾದರು. ಮುಂದಿನ ಮೆಟ್ಟಿಲು ಅಧ್ಯಕ್ಷ ಪದವಿ ಎಂದು ಅವರಿಗೂ ಗೊತ್ತಿತ್ತು, ಸುತ್ತಲಿನವರಿಗೂ ಗೊತ್ತಿತ್ತು.

ಆ ವರ್ಷದ ಜುಲೈ 2, ಶನಿವಾರ. ಕಿರಿಯ ಮಗಳು ಲೂಸಿಯ 8ನೇ ಹುಟ್ಟುಹಬ್ಬ. ಜಾನ್ಸನ್ ಅಂದೂ ಕೆಲಸ ಮುಗಿಸಿ, ಪತ್ರಕರ್ತರ ಮೇಲೆ ರೇಗಾಡಿ, ರಜೆ ಕಳೆಯಲು ವರ್ಜೀನಿಯಾದ ಮಿಡಲ್‌ಬರ್ಗ್‌ನಲ್ಲಿದ್ದ ಗೆಳೆಯರ ಎಸ್ಟೇಟಿಗೆ ಕಾರಿನಲ್ಲಿ ಹೊರಟರು. ದಾರಿಯಲ್ಲಿ ಎದೆ ಒತ್ತಿದಂತಾಯಿತು. ತಿಂದದ್ದು ಅರಗಿಲ್ಲ ಎಂದುಕೊಂಡರು. (ಗ್ಯಾಸ್ ಆಗಿದೆ, ಒಂದು ಈನೋ ಕೊಡಿ ಎಂದು ಎದೆ ಹಿಡಿದುಕೊಂಡು ಅಂಗಡಿಗೆ ಬಂದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆಯಲ್ಲಿ ಒತ್ತಡ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಇದ್ದರೆ ಮೆಡಿಕಲ್ ಶಾಪ್ ದಾಟಿ ಸೀದಾ ಆಸ್ಪತ್ರೆಗೆ ಹೋಗಿ.) ಎಸ್ಟೇಟ್ ತಲುಪಿದಾಗ ಅಲ್ಲಿದ್ದ ಇನ್ನೊಬ್ಬ ಸೆನೆಟರ್ ಕ್ಲಿಂಟನ್ ಆಂಡರ್ಸನ್ ಅವರ ಅದೃಷ್ಟಕ್ಕೆ ಒದಗಿದರು. ಆಂಡರ್ಸನ್ ಅವರಿಗೆ ಹಿಂದೆ ಹೃದಯಾಘಾತವಾಗಿತ್ತು. ಲಕ್ಷಣ ನೋಡಿದ ಕೂಡಲೇ ಇದು ಹೃದಯದ್ದೇ ಎಂದು ಹೇಳಿ ವೈದ್ಯರನ್ನು ಕರೆಸಿದರು.

ಆಂಬುಲೆನ್ಸ್ ಮೇರಿಲ್ಯಾಂಡ್‌ನ ಬೆಥೆಸ್ಡಾ ನೌಕಾ ಆಸ್ಪತ್ರೆಗೆ ಹೊರಟಿತು. ದಾರಿಯಲ್ಲೂ ಜಾನ್ಸನ್ ಒಂದು ಸಿಗರೇಟು ಸೇದಿದರು. ಆಸ್ಪತ್ರೆಯಲ್ಲಿ ಪತ್ನಿ ಲೇಡಿ ಬರ್ಡ್ ಕಾಯುತ್ತಿದ್ದರು. ದರ್ಜಿಗೆ ಎರಡು ಸೂಟು ಹೊಲಿಯಲು ಕೊಟ್ಟಿದ್ದೇನೆ, ನೀಲಿಯದನ್ನು ಮಾತ್ರ ಹೊಲಿಯಲಿ, ಬದುಕಿದರೂ ಸತ್ತರೂ ಅದು ಉಪಯೋಗಕ್ಕೆ ಬರುತ್ತದೆ ಎಂದು ಅವರಿಗೆ ಹೇಳಿದರಂತೆ. ಅಷ್ಟರಲ್ಲಿ ಬಿ.ಪಿ. ಪಾತಾಳಕ್ಕಿಳಿದು ಶಾಕ್ ಸ್ಥಿತಿಗೆ ಹೋದರು. ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಎಂದರು ವೈದ್ಯರು.

ಅಂದು ಆಂಜಿಯೋಪ್ಲಾಸ್ಟಿ ಇರಲಿಲ್ಲ, ಬೈಪಾಸ್ ಇರಲಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಇರಲಿಲ್ಲ, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಇರಲಿಲ್ಲ. ಆಮ್ಲಜನಕ, ನೋವಿಗೆ ಮಾರ್ಫಿನ್, ರಕ್ತ ಹೆಪ್ಪುಗಟ್ಟದಂತೆ ಔಷಧಿ, ಉಳಿದಂತೆ ವಾರಗಟ್ಟಲೆ ಹಾಸಿಗೆ. ಇಂದು ಮೂರ್ನಾಲ್ಕು ದಿನಕ್ಕೆ ಮನೆಗೆ ಕಳಿಸುವ ರೋಗಿಯನ್ನು ಅಂದು ಐದು ವಾರ ಇಟ್ಟುಕೊಂಡರು. ಕೆಲಸವೇ ಉಸಿರಾಗಿದ್ದ ಮನುಷ್ಯನಿಗೆ ಆ ಐದು ವಾರ ಹೇಗಿದ್ದಿರಬಹುದು ಎಂದು ಯೋಚಿಸಿ.

ಅಪಾಯದ ದಿನಗಳು ಕಳೆದ ಮೇಲೆಯೇ ನಿಜವಾದ ಕುಸಿತ ಬಂತು. ಮಾತಿನ ಮಲ್ಲರಾಗಿದ್ದವರು ಮಾತು ನಿಲ್ಲಿಸಿದರು. ಎದುರಿಗೆ ಯಾರು ಬಂದು ನಿಂತರೂ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ ಮಲಗಿರುತ್ತಿದ್ದರು ಎಂದು ಅವರ ಸಹಾಯಕ ಜಾರ್ಜ್ ರೀಡಿ ಮುಂದೆ ನೆನಪಿಸಿಕೊಂಡಿದ್ದಾರೆ. ಅಧ್ಯಕ್ಷ ಪದವಿಯ ಕನಸು ಮುಗಿಯಿತು, ಹೃದಯ ಕೆಟ್ಟವನನ್ನು ಯಾರು ಆರಿಸುತ್ತಾರೆ ಎಂಬುದು ಅವರನ್ನು ಕೊರೆಯುತ್ತಿತ್ತು. ನಡುನಡುವೆ ಕೆರಳಿ ಎಲ್ಲರ ಮೇಲೆ ಹರಿಹಾಯುತ್ತಿದ್ದರು. ಇದನ್ನು ನೀವು ಗಮನಿಸಬೇಕು. ಖಿನ್ನತೆ ಎಂದರೆ ಅಳುತ್ತ ಕೂರುವುದು ಎಂದು ನಾವು ಭಾವಿಸಿರುತ್ತೇವೆ. ಗಂಡಸರಲ್ಲಿ ಅದು ಅನೇಕ ಸಲ ಸಿಟ್ಟಾಗಿ, ಹಟವಾಗಿ, ಮೌನವಾಗಿ ಕಾಣಿಸಿಕೊಳ್ಳುತ್ತದೆ. ಮನೆಯವರು ಅದನ್ನು ಸ್ವಭಾವ ಎಂದುಕೊಳ್ಳುತ್ತಾರೆ.

ಖಿನ್ನತೆಗೆ ಆಗ ಮಾತ್ರೆಗಳೂ ಇರಲಿಲ್ಲ. ಇಮಿಪ್ರಮಿನ್‌ನಂಥ ಮೊದಲ ಔಷಧಿಗಳು ಬೆಳಕಿಗೆ ಬಂದದ್ದು 1957ರ ಸುಮಾರಿಗೆ. ಹಾಗಾದರೆ ಜಾನ್ಸನ್ ಎದ್ದದ್ದು ಹೇಗೆ?

ಅವರನ್ನು ಎಬ್ಬಿಸಿದ್ದು

ಒಂದೇ ಉತ್ತರ ಹುಡುಕಬೇಡಿ. ಮೊದಲನೆಯದು ಲೇಡಿ ಬರ್ಡ್. ಅವರು ಆಸ್ಪತ್ರೆಯಲ್ಲೇ ಪಕ್ಕದ ಕೋಣೆಗೆ ಬಂದು ನೆಲೆಸಿದರು. ಚಿಕ್ಕ ಹೆಣ್ಣುಮಕ್ಕಳಿಬ್ಬರು ಮನೆಯಲ್ಲಿ, ತಾಯಿ ಆಸ್ಪತ್ರೆಯಲ್ಲಿ. ಇದರ ಬೆಲೆ ಏನೆಂದು ಆರೈಕೆ ಮಾಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು ಪತ್ರಗಳು. ದೇಶದ ಎಲ್ಲೆಡೆಯಿಂದ ಸಾವಿರಾರು ಪತ್ರ ಬಂದವು. ಅವನ್ನು ಅವರ ಮುಂದೆ ಓದಲಾಯಿತು, ಉತ್ತರ ಬರೆಯುವ ಕೆಲಸವನ್ನು ಆಸ್ಪತ್ರೆಯಲ್ಲೇ ಶುರುಮಾಡಿದರು. ತನ್ನನ್ನು ಇನ್ನೂ ಯಾರೋ ಲೆಕ್ಕಕ್ಕಿಟ್ಟಿದ್ದಾರೆ ಎಂದು ಅವರಿಗೆ ಅನ್ನಿಸಿತು. ಮೂರನೆಯದು ವೈದ್ಯರು, ಅದರಲ್ಲೂ ವಿಲ್ಲಿಸ್ ಹರ್ಸ್ಟ್ ಎಂಬ ಯುವ ಹೃದ್ರೋಗ ತಜ್ಞ. ನೌಕಾಪಡೆಯ ಸೇವೆಯಲ್ಲಿದ್ದ ಹರ್ಸ್ಟ್ ಮುಂದೆ ಅಟ್ಲಾಂಟಾಕ್ಕೆ ಹೋದರೂ ಜಾನ್ಸನ್ ಅವರ ಹೃದಯದ ಉಸ್ತುವಾರಿ ಬಿಡಲಿಲ್ಲ. ಒಬ್ಬರೇ ವೈದ್ಯರು ವರ್ಷಗಟ್ಟಲೆ ನೋಡುತ್ತಿದ್ದರೆ ಅವರಿಗೆ ಇ.ಸಿ.ಜಿ. ಮಾತ್ರವಲ್ಲ, ಮನುಷ್ಯನ ಮುಖವೂ ನೆನಪಿರುತ್ತದೆ. ದೊಡ್ಡ ನಗರಗಳಲ್ಲಿ ಇದು ಕಷ್ಟ ಎಂದು ಗೊತ್ತು, ಆದರೂ ಸಾಧ್ಯವಿದ್ದರೆ ಫಾಲೋಅಪ್‌ಗೆ ಪ್ರತಿ ಸಲ ಹೊಸಬರ ಹತ್ತಿರ ಹೋಗಬೇಡಿ.

ಒಂದು ದಿನ ಇದ್ದಕ್ಕಿದ್ದಂತೆ ಜಾನ್ಸನ್ ಎದ್ದು ಕೂತು, ಗಡ್ಡ ಹೆರೆಯಲು ಯಾರಾದರೂ ಬನ್ನಿ ಎಂದು ಕೂಗಿದರು, ಆಮೇಲೆ ಇಡೀ ಆಸ್ಪತ್ರೆ ಓಡಾಡತೊಡಗಿತು ಎಂದು ರೀಡಿ ಹೇಳುತ್ತಾರೆ. ಕಥೆ ಕೇಳಲು ಚೆನ್ನಾಗಿದೆ. ಆದರೆ ಅಲ್ಲಿಗೆ ಎಲ್ಲವೂ ಸರಿಹೋಗಲಿಲ್ಲ. ಆಗಸ್ಟ್ 7ಕ್ಕೆ ಆಸ್ಪತ್ರೆಯಿಂದ ಹೊರಬಂದು, ತಿಂಗಳ ಕೊನೆಯ ಹೊತ್ತಿಗೆ ಟೆಕ್ಸಸ್‌ನ ತಮ್ಮ ರಾಂಚ್‌ಗೆ ಹೋದ ಮೇಲೂ ಮಂಕು ಕವಿಯುತ್ತಿತ್ತು, ಸರಿಯುತ್ತಿತ್ತು. ಚೇತರಿಕೆ ಎಂದರೆ ಹೀಗೆಯೇ. ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಮತ್ತೆ ಮುಸುಕೆಳೆದು ಮಲಗಿದರೆ ನೀವು ಸೋತಿರೆಂದು ಅರ್ಥವಲ್ಲ.

ರಾಂಚ್‌ನಲ್ಲಿ ಅವರ ದಿನಚರಿ ಸರಳವಾಗಿತ್ತು. ಸಿಗರೇಟು ಪೂರ್ತಿ ಬಂದ್. ಈಜುವುದಕ್ಕೆಂದು ಒಂದು ಕೊಳ ಕಟ್ಟಿಸಿದರು. ತಟ್ಟೆಯಲ್ಲಿ ಬೀಳುವ ಪ್ರತಿಯೊಂದರ ಕ್ಯಾಲೊರಿಯನ್ನು ಲೇಡಿ ಬರ್ಡ್ ಲೆಕ್ಕ ಹಾಕುತ್ತಿದ್ದರು. ಸಂಜೆ ಹತ್ತಿರದಲ್ಲೇ ಇದ್ದ ವಯಸ್ಸಾದ ಬಂಧು ಓರಿಯೋಲ್ ಅವರ ಮನೆವರೆಗೆ ನಡೆದುಹೋಗಿ, ಅಲ್ಲಿ ಕೂತು ಹರಟಿ ಬರುತ್ತಿದ್ದರು. ಈ ನಡಿಗೆ ನನಗೆ ಬಹಳ ಇಷ್ಟವಾದದ್ದು. ದಿನಕ್ಕೆ ಅರ್ಧ ತಾಸು ನಡೆಯಿರಿ ಎಂದು ಚೀಟಿಯಲ್ಲಿ ಬರೆದರೆ ಖಿನ್ನತೆ ಇರುವವರು ನಡೆಯುವುದಿಲ್ಲ. ಅವರ ಕಾಲಿಗಲ್ಲ, ಮನಸ್ಸಿಗೆ ಶಕ್ತಿ ಇರುವುದಿಲ್ಲ. ಓರಿಯೋಲಮ್ಮ ಕಾಯುತ್ತಿರುತ್ತಾರೆ ಎಂದರೆ ಎದ್ದು ಚಪ್ಪಲಿ ಮೆಟ್ಟುತ್ತಾರೆ. ನಿಮ್ಮ ಸೊಸೈಟಿಯಲ್ಲಿ, ನಿಮ್ಮ ಗಲ್ಲಿಯಲ್ಲಿ ಅಂಥ ಒಂದು ಮನೆ ಇದೆಯೇ ನೋಡಿ.

ನವೆಂಬರ್ 21ರಂದು ಟೆಕ್ಸಸ್‌ನ ವಿಟ್ನಿಯಲ್ಲಿ ದೊಡ್ಡ ಸಭೆಯೊಂದರಲ್ಲಿ ಭಾಷಣ ಮಾಡಿದರು. 1956ರ ಜನವರಿಯಲ್ಲಿ ವಾಷಿಂಗ್ಟನ್‌ಗೆ ಮರಳಿ ಕೆಲಸಕ್ಕೆ ಕೂತರು. 1961ರಲ್ಲಿ ಉಪಾಧ್ಯಕ್ಷ, 1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾದಾಗ ಅಧ್ಯಕ್ಷ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರಲ್ಲಿ ಮತದಾನದ ಹಕ್ಕಿನ ಕಾನೂನು, ಅದೇ ವರ್ಷ ಹಿರಿಯ ನಾಗರಿಕರಿಗೆ ಮೆಡಿಕೇರ್ ಆರೋಗ್ಯ ವಿಮೆ. ಹೃದ್ರೋಗ, ಕ್ಯಾನ್ಸರ್, ಪಾರ್ಶ್ವವಾಯುಗಳ ಬಗ್ಗೆ ಒಂದು ಆಯೋಗವನ್ನೂ ನೇಮಿಸಿದರು. ಅದರ ಅಧ್ಯಕ್ಷರು ಹೂಸ್ಟನ್‌ನ ಪ್ರಸಿದ್ಧ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ. ಈ ಹೆಸರು ಮುಂದೆ ಮತ್ತೆ ಬರುತ್ತದೆ. ಇನ್ನೊಂದು ಕಡೆ ವಿಯೆಟ್ನಾಂ ಯುದ್ಧ ಅವರ ಹೆಸರನ್ನೂ ನಿದ್ದೆಯನ್ನೂ ತಿಂದುಹಾಕಿತು. 1968ರ ಮಾರ್ಚ್ 31ರಂದು ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಟಿ.ವಿ.ಯಲ್ಲಿ ಪ್ರಕಟಿಸಿದರು.

ಮನಸ್ಸು ಹೃದಯಕ್ಕೆ ಮಾಡುವುದೇನು?

ಇಲ್ಲಿ ಸ್ವಲ್ಪ ನಿಂತು, ವಿಜ್ಞಾನ ಏನು ಹೇಳುತ್ತದೆ ನೋಡೋಣ. ಜಾನ್ಸನ್ ಕಾಲದಲ್ಲಿ ಇದು ವೈದ್ಯರ ಅನುಭವದ ಮಾತಾಗಿತ್ತು, ಅಂಕಿ ಸಂಖ್ಯೆ ಬಂದದ್ದು ಆಮೇಲೆ.

1993ರಲ್ಲಿ ಕೆನಡಾದ ಮಾಂಟ್ರಿಯಲ್‌ನ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ರೋಗಿಗಳ ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಲ್ಲಿರುವಾಗಲೇ ಖಿನ್ನತೆ ಇದ್ದವರು ಮುಂದಿನ ಆರು ತಿಂಗಳಲ್ಲಿ ಸಾಯುವ ಅಪಾಯ, ಹೃದಯದ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆ ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಮುಂದೆ ಬಂದ ದೊಡ್ಡ ವಿಶ್ಲೇಷಣೆಗಳಲ್ಲಿ ಈ ಅಂಕಿ ಸುಮಾರು ಎರಡು ಪಟ್ಟಿಗೆ ಇಳಿದಿದೆ. ಎರಡು ಪಟ್ಟು ಕೂಡ ಸಣ್ಣದಲ್ಲ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಇರುತ್ತದೆ. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತಜ್ಞರು ಹೃದಯಾಘಾತದ ನಂತರದ ಅಪಾಯಕಾರಿ ಅಂಶಗಳಲ್ಲಿ ಖಿನ್ನತೆಯನ್ನೂ ಸೇರಿಸಬೇಕೆಂದು ಶಿಫಾರಸು ಮಾಡಿದರು. ಸಂಬಂಧ ಎರಡೂ ದಿಕ್ಕಿನದು. ಮೊದಲು ಖಿನ್ನತೆ ಇದ್ದವರಿಗೆ ಮುಂದೆ ಹೃದ್ರೋಗ ಬರುವ ಸಾಧ್ಯತೆಯೂ ಹೆಚ್ಚು.

ಹೇಗೆ? ಖಿನ್ನತೆಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳು ಏರುತ್ತವೆ. ರಕ್ತದ ಪ್ಲೇಟ್‌ಲೆಟ್ ಕಣಗಳು ಹೆಚ್ಚು ಅಂಟಂಟಾಗಿ, ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಬಹುದು. ಒಳಗಿನ ಉರಿಯೂತ ಹೆಚ್ಚುತ್ತದೆ. ಸಂದರ್ಭಕ್ಕೆ ತಕ್ಕಂತೆ ಬಡಿತ ಬದಲಿಸಿಕೊಳ್ಳುವ ಹೃದಯದ ಶಕ್ತಿ ಕುಗ್ಗುತ್ತದೆ. ಇವೆಲ್ಲ ನಿಜ. ಆದರೆ ಕೌಂಟರಿನಲ್ಲಿ ನಿಂತವಳಿಗೆ ಕಾಣುವುದು ಇದಕ್ಕಿಂತ ಸರಳವಾದದ್ದು: ತಿಂಗಳ ಮಾತ್ರೆ ತೆಗೆದುಕೊಂಡು ಹೋದವರು ಎರಡು ತಿಂಗಳು ಬರುವುದಿಲ್ಲ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇರಿ ವೂಲಿ ಮತ್ತು ಸಂಗಡಿಗರು 1,017 ಹೃದ್ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಖಿನ್ನತೆಯಿಂದ ಬರುವ ಹೆಚ್ಚುವರಿ ಅಪಾಯದ ಬಹುಪಾಲು ನಡವಳಿಕೆಯಿಂದ, ಮುಖ್ಯವಾಗಿ ದೇಹಕ್ಕೆ ಚಟುವಟಿಕೆ ಇಲ್ಲದಿರುವುದರಿಂದ ಬರುತ್ತದೆ. ಓರಿಯೋಲ್ ಮನೆಗೆ ನಡೆದದ್ದು ಬರೀ ಹೊತ್ತು ಕಳೆಯಲು ಎಂದುಕೊಳ್ಳಬೇಡಿ.

ಅನುವಾದಕಿಯಾಗಿ ಇನ್ನೊಂದು ಮಾತು. ಕೆಲವರು ಇ.ಸಿ.ಜಿ. ಅಥವಾ ಟಿ.ಎಂ.ಟಿ. ರಿಪೋರ್ಟಿನಲ್ಲಿ ಎಸ್‌.ಟಿ. ಡಿಪ್ರೆಷನ್ ಎಂದು ಓದಿ, ನನಗೆ ಡಿಪ್ರೆಷನ್ ಇದೆ ಎಂದು ಬರೆದಿದ್ದಾರೆ ಎಂದು ಗಾಬರಿಯಾಗುತ್ತಾರೆ. ಅದು ಗ್ರಾಫಿನ ಗೆರೆ ಕೆಳಗಿಳಿದಿರುವುದನ್ನು ಹೇಳುವ ಪದ. ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಮನಸ್ಸಿನ ಕುಸಿತ ಯಾವ ಇ.ಸಿ.ಜಿ.ಯಲ್ಲೂ ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು.

ಎರಡನೆಯ ಸಲ

1969ರ ಜನವರಿ 20ರಂದು ಜಾನ್ಸನ್ ಅಧಿಕಾರ ಬಿಟ್ಟು ಟೆಕ್ಸಸ್‌ಗೆ ವಿಮಾನ ಹತ್ತಿದರು. ಆ ಪ್ರಯಾಣದಲ್ಲೇ, ಹದಿಮೂರು ವರ್ಷಕ್ಕೂ ಮೀರಿ ಮುಟ್ಟದೆ ಇದ್ದ ಸಿಗರೇಟನ್ನು ಹಚ್ಚಿದರು. ಮಗಳು ತಡೆಯಲು ಹೋದಾಗ, ಮಕ್ಕಳನ್ನು ಬೆಳೆಸಿದ್ದಾಯಿತು, ಅಧ್ಯಕ್ಷನೂ ಆದೆ, ಇನ್ನು ಈ ಬದುಕು ನನ್ನದು ಎಂಬರ್ಥದಲ್ಲಿ ಉತ್ತರಿಸಿದರಂತೆ.

ಈ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕೇಳಲು ಸ್ವತಂತ್ರ ಮನುಷ್ಯನ ಮಾತಿನಂತಿದೆ. ಮಾಡಬೇಕಾದ್ದು ಇನ್ನೇನೂ ಉಳಿದಿಲ್ಲ ಎಂಬ ದನಿಯೂ ಅದರೊಳಗೆ ಇದೆ. ನಮ್ಮ ಮನೆಗಳಲ್ಲಿ ನಿವೃತ್ತರಾದ ಅಪ್ಪಂದಿರು ಹೇಳುವುದೂ ಇದನ್ನೇ: ಮಕ್ಕಳ ಮದುವೆ ಆಯಿತು, ಮನೆ ಕಟ್ಟಿದ್ದಾಯಿತು, ಇನ್ನೇನು, ಹೋದರೆ ಹೋಯಿತು. ನಾವು ಅದನ್ನು ವೈರಾಗ್ಯ ಎಂದು ಗೌರವಿಸಿ ಬಿಟ್ಟುಬಿಡುತ್ತೇವೆ. ಮಾತ್ರೆ ಬಿಡುವುದು, ಬೀಡಿ ಸಿಗರೇಟು ಮತ್ತೆ ಶುರುವಾಗುವುದು, ಪರೀಕ್ಷೆಗೆ ಬೇಡ ಎನ್ನುವುದು ಆ ಮಾತಿನ ಜೊತೆ ಬಂದರೆ, ಅದು ವೈರಾಗ್ಯವೋ ಖಿನ್ನತೆಯೋ ಎಂದು ಒಮ್ಮೆ ವೈದ್ಯರ ಹತ್ತಿರ ಕೇಳುವುದು ಒಳ್ಳೆಯದು.

ಸತ್ತುಹೋದವರಿಗೆ ದೂರದಿಂದ ರೋಗ ಪತ್ತೆ ಮಾಡುವುದು ಸರಿಯಲ್ಲ. ಜಾನ್ಸನ್ ಅವರಿಗೆ ಈ ವರ್ಷಗಳಲ್ಲಿ ಖಿನ್ನತೆಯ ಕಾಯಿಲೆ ಇತ್ತು ಎಂದು ನಾನು ಹೇಳುವುದಿಲ್ಲ. ಹತ್ತಿರದಿಂದ ನೋಡಿದವರು ಬರೆದಿರುವುದು ಇಷ್ಟು: ದೇಶ ನಡೆಸುತ್ತಿದ್ದವರು ರಾಂಚ್‌ನಲ್ಲಿ ಇವತ್ತು ಕೋಳಿಗಳು ಎಷ್ಟು ಮೊಟ್ಟೆ ಇಟ್ಟವು ಎಂಬ ವರದಿಯನ್ನು ದಿನವೂ ತರಿಸಿಕೊಳ್ಳುತ್ತಿದ್ದರು. ಕೂದಲು ಹೆಗಲಿನ ಹತ್ತಿರ ಬರುವಷ್ಟು ಬೆಳೆಸಿದರು. ತೂಕ ಏರಿತು. ಮನಸ್ಸು ಆಗಾಗ ಕತ್ತಲಾಗುತ್ತಿತ್ತು. 1967ರಲ್ಲೇ ಅವರು ತಮ್ಮ ವಂಶದವರ ವಯಸ್ಸನ್ನು ಕೊಟ್ಟು, ತಾವು ಎಷ್ಟು ಕಾಲ ಬದುಕಬಹುದು ಎಂದು ಗುಟ್ಟಾಗಿ ಲೆಕ್ಕ ಹಾಕಿಸಿದ್ದರೆಂದೂ, 64 ಎಂಬ ಉತ್ತರ ಬಂದಿತ್ತೆಂದೂ ಆ ಕಾಲದ ಬರಹ ಹೇಳುತ್ತದೆ. 64 ಎಂದು ನಂಬಿದವರು ಸಿಗರೇಟು ಬಿಡುವುದು ಯಾತಕ್ಕೆ? ಹಣೆಬರಹ ಎಂದು ಕೈಬಿಡುವುದು ಹೀಗೆಯೇ ಶುರುವಾಗುತ್ತದೆ.

1970ರ ಮಾರ್ಚ್‌ನಲ್ಲಿ ಎದೆನೋವು, ಸ್ಯಾನ್ ಆಂಟೋನಿಯೋದ ಸೇನಾ ಆಸ್ಪತ್ರೆಗೆ ಸೇರಿದರು. ತೂಕ ಇಳಿಸಿ, ಸಿಗರೇಟು ಬಿಡಿ ಎಂದರು ವೈದ್ಯರು. ಸ್ವಲ್ಪ ದಿನ ನಡೆಯಿತು, ಮತ್ತೆ ಅದೇ. 1972ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿದ್ದ ಹಿರಿಮಗಳು ಲಿಂಡಾ ಮನೆಯಲ್ಲಿದ್ದಾಗ ಎರಡನೆಯ ದೊಡ್ಡ ಹೃದಯಾಘಾತ. ಸತ್ತರೆ ಟೆಕ್ಸಸ್‌ನಲ್ಲೇ ಸಾಯಬೇಕೆಂದು ಹಟ ಹಿಡಿದು ವಿಮಾನದಲ್ಲಿ ವಾಪಸ್ ಬಂದರು.

ಆಮೇಲೆ ಹೃದಯ ಚೇತರಿಸಿಕೊಳ್ಳಲಿಲ್ಲ. ಬಹುತೇಕ ಪ್ರತಿದಿನ ಮಧ್ಯಾಹ್ನ ಎದೆನೋವು. ನಾಲಿಗೆಯಡಿ ನೈಟ್ರೋಗ್ಲಿಸರಿನ್, ಹಾಸಿಗೆ ಪಕ್ಕದಲ್ಲಿ ಆಕ್ಸಿಜನ್. ಬೈಪಾಸ್ ಆಗ ಬಂದಿತ್ತು. ಅದು ಸಾಧ್ಯವೇ ಎಂದು ಕೇಳಿದ್ದು ಡಿಬೇಕಿ ಅವರನ್ನೇ. ಇವರ ಹೃದಯ, ಜೊತೆಗೆ ಕರುಳಿನ ಕಾಯಿಲೆ ನೋಡಿ, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ತೀರ್ಮಾನವಾಯಿತು. ಹೃದ್ರೋಗದ ವಿರುದ್ಧ ದೇಶವನ್ನು ಸಜ್ಜು ಮಾಡಲು ಯಾರನ್ನು ನೇಮಿಸಿದ್ದರೋ ಅವರ ಕೈಯಲ್ಲೇ ತಮಗೆ ಕೊಡಲು ಏನೂ ಉಳಿದಿರಲಿಲ್ಲ.

ಆದರೂ ಆ ಡಿಸೆಂಬರ್‌ನಲ್ಲಿ ಆಸ್ಟಿನ್‌ನ ತಮ್ಮ ಗ್ರಂಥಾಲಯದಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ನಡೆದ ಸಮಾವೇಶಕ್ಕೆ, ವೈದ್ಯರು ಬೇಡವೆಂದರೂ, ಹೋದರು. ವೇದಿಕೆಯಲ್ಲೇ ನೈಟ್ರೋಗ್ಲಿಸರಿನ್ ಮಾತ್ರೆ ಬಾಯಿಗಿಟ್ಟುಕೊಂಡು ಮಾತನಾಡಿದರು. ಬೇಕೆನ್ನಿಸಿದ ಕೆಲಸ ಸಿಕ್ಕಾಗ ಅದೇ ಹಳೆಯ ಜಾನ್ಸನ್ ಮತ್ತೊಮ್ಮೆ ಎದ್ದು ನಿಂತರು.

1973ರ ಜನವರಿ 22, ಸೋಮವಾರ. ಲೇಡಿ ಬರ್ಡ್ ಆಸ್ಟಿನ್‌ನಲ್ಲಿದ್ದರು. ಮಧ್ಯಾಹ್ನ ಊಟವಾಗಿ ಮಲಗಿದ್ದ ಜಾನ್ಸನ್, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಫೋನ್ ತೆಗೆದು ಭದ್ರತಾ ಸಿಬ್ಬಂದಿಯನ್ನು ಕರೆದರು. ಅವರು ಓಡಿಬಂದಾಗ ಹಾಸಿಗೆಯ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಮತ್ತೊಂದು ಅವಧಿಗೆ ನಿಂತು ಗೆದ್ದಿದ್ದರೆ ಅದು ಮುಗಿಯುತ್ತಿದ್ದದ್ದು ಎರಡು ದಿನ ಹಿಂದೆ. ವಿಯೆಟ್ನಾಂ ಕದನ ವಿರಾಮದ ಘೋಷಣೆ ಬಂದದ್ದು ಮರುದಿನ. ವಯಸ್ಸು 64.

ಸಿಗರೇಟು, ತೂಕ, ವಂಶ, ಹಿಂದೆಯೇ ಹಾಳಾಗಿದ್ದ ಸ್ನಾಯು, ಇವೆಲ್ಲ ಇದ್ದ ಹೃದಯ ಅದು. ಮನಸ್ಸೊಂದೇ ಕೊಂದಿತು ಎಂದರೆ ಸುಳ್ಳಾಗುತ್ತದೆ. ಸಿಗರೇಟು ಬಿಡುವ, ನಡೆಯುವ, ಮಾತು ಕೇಳುವ ಬಲ 1955ರಲ್ಲಿ ಸಿಕ್ಕಿತು, 1969ರ ನಂತರ ಸಿಗಲಿಲ್ಲ ಎಂದಷ್ಟೇ ಹೇಳಬಹುದು.

ನಿಮ್ಮ ಕೈಯಲ್ಲಿರುವುದು

ಜಾನ್ಸನ್ ಅವರಿಗೆ 1955ರಲ್ಲಿ ಇಲ್ಲದಿದ್ದ ಒಂದು ಅನುಕೂಲ ನಿಮಗಿದೆ: ಇದನ್ನು ಕಾಯಿಲೆ ಎಂದು ಗುರುತಿಸಿ ಚಿಕಿತ್ಸೆ ಕೊಡುತ್ತಾರೆ. ಮೊದಲ ಹೆಜ್ಜೆಗೆ ಎರಡೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದೆಯೇ, ಭರವಸೆ ಇಲ್ಲವೆನ್ನಿಸಿದೆಯೇ? ಮೊದಲು ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಒಂದಕ್ಕಾದರೂ ಉತ್ತರ ಹೌದಾದರೆ ಮುಂದಿನ ಫಾಲೋಅಪ್‌ನಲ್ಲಿ ಹೃದ್ರೋಗ ತಜ್ಞರಿಗೆ ಹೇಳಿ. ಅವರು ಐದು ನಿಮಿಷ ಮಾತ್ರ ಕೊಡುತ್ತಾರೆ ಎಂದು ಗೊತ್ತಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಮನಸ್ಸಿನ ಸ್ಥಿತಿ ಹೇಳಲು ಪದ ಸಿಗದಿದ್ದರೆ ನಿದ್ದೆ, ಹಸಿವು, ಎಷ್ಟು ದಿನದಿಂದ ಮನೆಯಿಂದ ಹೊರಗೆ ಹೋಗಿಲ್ಲ ಎಂಬುದನ್ನು ಹೇಳಿದರೂ ಸಾಕು.

ಔಷಧಿಯ ಬಗ್ಗೆ ಭಯ ಬೇಡ, ಸಲುಗೆಯೂ ಬೇಡ. 2002ರಲ್ಲಿ ಪ್ರಕಟವಾದ 369 ರೋಗಿಗಳ ಅಧ್ಯಯನದಲ್ಲಿ ಸರ್ಟ್ರಾಲಿನ್ ಎಂಬ ಮಾತ್ರೆ ಹೃದಯಾಘಾತ ಅಥವಾ ಅಸ್ಥಿರ ಎದೆನೋವು ಬಂದಿದ್ದವರ ಹೃದಯಕ್ಕೆ ಸುರಕ್ಷಿತವೆಂದು ಕಂಡಿತು. ತೀವ್ರ ಖಿನ್ನತೆ ಇದ್ದವರಿಗೆ ಹೆಚ್ಚು ಉಪಯೋಗವಾಯಿತು. 2003ರ ಇನ್ನೊಂದು ಅಧ್ಯಯನದಲ್ಲಿ 2,481 ರೋಗಿಗಳಿದ್ದರು. ಆಪ್ತ ಸಮಾಲೋಚನೆ ಪಡೆದವರ ಮನಸ್ಸು ಹಗುರವಾಯಿತು, ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆದರೆ ಹೃದಯಾಘಾತ ಮರುಕಳಿಸುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇರುವ ದಿನಗಳು ಬದುಕುವ ಹಾಗಿರುವುದು ಕೂಡ ಚಿಕಿತ್ಸೆಗೆ ಸಾಕಷ್ಟು ಕಾರಣ.

ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಹಳೆಯ ಮಾತ್ರೆ ತೆಗೆದುಕೊಳ್ಳಬೇಡಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಂಪಿನವು ಹೃದಯದ ಬಡಿತವನ್ನು ಕೆಡಿಸಬಹುದು, ಹೃದಯಾಘಾತದ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಹೊಸ ಗುಂಪಿನ ಮಾತ್ರೆಗಳು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸೇರಿದಾಗ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಏರುತ್ತದೆ. ಕಪ್ಪು ಮಲ ಹೋದರೆ, ಸುಮ್ಮನೆ ಮೈಮೇಲೆ ನೀಲಿ ಕಲೆ ಎದ್ದರೆ ತಡಮಾಡಬೇಡಿ. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಫ್ಲೂಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ಸೇರಿದರೆ ನಾಡಿ ತೀರಾ ನಿಧಾನವಾಗಬಹುದು. ಎಲ್ಲ ಚೀಟಿಗಳನ್ನೂ ಒಬ್ಬರೇ ಫಾರ್ಮಸಿಸ್ಟ್‌ಗೆ ತೋರಿಸಿ ಎನ್ನುವುದು ಇದಕ್ಕೇ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು, ಪೂರ್ತಿ ಗುಣಕ್ಕೆ ಇನ್ನೂ ಹೆಚ್ಚು. ಹಗುರ ಅನ್ನಿಸಿತೆಂದು ಒಮ್ಮೆಲೇ ನಿಲ್ಲಿಸಬೇಡಿ.

ಆರೈಕೆ ಮಾಡುವವರಿಗೂ ಆ ಎರಡು ಪ್ರಶ್ನೆಗಳನ್ನು ಕೇಳಬೇಕು. ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ಐದು ವಾರ ಇದ್ದ ಲೇಡಿ ಬರ್ಡ್ ಅವರ ಮನಸ್ಸು ಹೇಗಿದೆ ಎಂದು ಎಷ್ಟು ಜನ ಕೇಳಿದ್ದರೋ.

ಸಾಯುವ ಮಾತು ಬಂದರೆ, ಬದುಕು ಬೇಡವೆನ್ನಿಸಿದರೆ ಫಾಲೋಅಪ್ ದಿನಕ್ಕೆ ಕಾಯಬೇಡಿ, ಅಂದೇ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಶುಲ್ಕವಿಲ್ಲ. ನೀವು ದೆಹಲಿಯಲ್ಲಿರಿ, ಹೈದರಾಬಾದಿನಲ್ಲಿರಿ, ಭಾಷೆ ಆರಿಸಿಕೊಳ್ಳುವ ಅವಕಾಶವಿದೆ. ಪಟ್ಟಿಯಲ್ಲಿ ಕನ್ನಡವೂ ಇದೆ.